ಎಂಟು ವಾರದ ತೋಟ

ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ವೇಳಾಪಟ್ಟಿ ಬರೆದವಳು ನಾನು. ಯಾವ ಬಸ್ಸು ಎಷ್ಟಕ್ಕೆ ಹೊರಟು ಎಷ್ಟಕ್ಕೆ ಮರಳಬೇಕು ಎಂದು ಚೌಕಳಿ ಹಾಳೆ ತುಂಬಿಸಿ ತುಂಬಿಸಿ, ಈಗ ದಿನಸಿ ಚೀಟಿಗೂ ಗೆರೆ ಎಳೆಯದೆ ಕೈ ಸುಮ್ಮನಿರುವುದಿಲ್ಲ. ಹಿತ್ತಲಲ್ಲಿ ತರಕಾರಿ ಬೆಳೆಯೋಣವೆಂದು ತಮ್ಮ ಹೇಳಿದಾಗ, "ಯೋಜನೆ ನಂದು. ನೀನು ಗುದ್ದಲಿ ಮುಟ್ಟಿದ್ರೆ ಕಾಲು ಮುರೀತೀನಿ" ಎಂದೆ.

ತಮ್ಮ ಬಡಗಿ. ಅವನ ಹೃದಯದ ಕವಾಟವೊಂದು ಕೆಟ್ಟಿದೆ. ಇನ್ನೆರಡು ತಿಂಗಳಿಗೆ ಆಪರೇಷನ್. "ಅಪಾಯ ಇಲ್ಲವೇ ಇಲ್ಲ ಅಂತ ಹೇಳಲಾರೆ" ಎಂದು ಡಾಕ್ಟರು ಹೇಳಿದ್ದನ್ನು ಈ ಪುಣ್ಯಾತ್ಮ ನಗುನಗುತ್ತಾ ಕೇಳಿಸಿಕೊಂಡ. ನನಗೆ ಮೈಯೆಲ್ಲ ಉರಿಯಿತು. ನಗುವ ಮಾತೇ ಅದು? ಮನೆಗೆ ಬಂದ ಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಮನೆಯಲ್ಲಿ ಇರುವವರೇ ನಾವಿಬ್ಬರು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿದೆ. ಎಡಗಡೆ ಪಾತಿಗಳು, ಮೇಲುಗಡೆ ವಾರಗಳು. ಗೋಡೆ ಪಕ್ಕ ಬಿಸಿಲು ಮಧ್ಯಾಹ್ನದ ತನಕ ಮಾತ್ರ, ಅಲ್ಲಿ ಮೆಂತ್ಯ, ಪಾಲಕ್, ಕೊತ್ತಂಬರಿ. ಬಟ್ಟೆ ಒಣಹಾಕುವ ತಂತಿಯ ಕೆಳಗೆ ಮೂಲಂಗಿ. ನಲ್ಲಿಯ ಹತ್ತಿರ ಗಿಡ್ಡ ಬೀನ್ಸ್. ಎಷ್ಟು ಚೊಕ್ಕವಾಗಿ ಬಂದಿತ್ತೆಂದರೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ತಮ್ಮ ಕಾಫಿ ಲೋಟ ಹಿಡಿದು ಬಗ್ಗಿ ನೋಡಿದ.

"ಟೊಮೇಟೊ ಎಲ್ಲಿ?"

"ಹುಳ ಬೀಳುತ್ತೆ."

"ಕುಂಬಳ?"

"ಜಾಗ ತಿನ್ನುತ್ತೆ."

"ಬದನೆ?"

"ನಿಂಗೆ ಆಗಿಬರಲ್ಲ."

"ಯಾರು ಹೇಳಿದ್ದು? ಮೊನ್ನೆ ತಾನೇ ಎರಡು ಸಲ ಹಾಕಿಸ್ಕೊಂಡು ತಿಂದೆ!"

ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ವಾರಗಳನ್ನು ಎಣಿಸಿದ. ಪೆನ್ಸಿಲ್ ಎಂಟನೇ ವಾರದ ಗೆರೆಗೆ ಬಂದು ನಿಂತಿತು. ಅಲ್ಲಿಂದಾಚೆ ಹಾಳೆ ಪೂರ್ತಿ ಖಾಲಿ.

"ಅಕ್ಕ, ನಾನು ಆಸ್ಪತ್ರೆಗೆ ಸೇರೋದ್ರೊಳಗೆ ಎಲ್ಲಾ ಕಿತ್ತು ಮುಗಿಸ್ತಿದೀಯಲ್ಲ."

ಹಾಗೆ ಬರೆದದ್ದು ನನಗೆ ಗೊತ್ತೇ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬಸ್ಸು ವಾಪಸ್ ಬರುವ ಹೊತ್ತು ಖಚಿತವಾಗದಿದ್ದರೆ ಮುಂದಿನ ಚೌಕವನ್ನು ಖಾಲಿ ಬಿಡುವುದು ಡಿಪೋದ ಪದ್ಧತಿ. ಕೈ ಅದನ್ನೇ ಮಾಡಿತ್ತು. ಮೊದಲು ರೇಗಿದೆ. ತಲೆಹರಟೆ, ಕಾಫಿ ಕುಡಿದು ಆಚೆ ಹೋಗು ಎಂದೆ. ಆಮೇಲೆ ಕುರ್ಚಿ ಎಳೆದು ಕೂತೆ.

"ಭಯ ಕಣೋ," ಎಂದೆ. "ನೀನಿಲ್ಲದೆ ನಾನೊಬ್ಬಳೇ ಹಿತ್ತಲಿಗೆ ಹೋಗಿ ಕಾಯಿ ಕುಯ್ಯೋದು ನನ್ನ ಕೈಲಾಗಲ್ಲ."

ಅವನೂ ಲೋಟ ಕೆಳಗಿಟ್ಟು ಪಕ್ಕದಲ್ಲಿ ಕೂತ. "ನಂಗೂ ಭಯಾನೇ," ಎಂದ. "ಅದಕ್ಕೆ ಗಿಡ ಏನ್ ಮಾಡ್ತು ಪಾಪ? ಚಪ್ಪರ ಹಾಕೋಣ. ಸೀಮೆಬದನೆ ಹಬ್ಬಿಸೋಣ."

"ಅದು ಕಾಯಿ ಬಿಡೋಕೆ ಆರು ತಿಂಗಳು ಬೇಕು. ಆಮೇಲೆ ವರ್ಷಗಟ್ಟಲೆ ಬಿಡ್ತಾನೇ ಇರುತ್ತೆ. ತಿನ್ನೋರ್ಯಾರು ಆ ಸಪ್ಪೆ ಕಾಯಿನ?"

"ಬೈಕೊಂಡು ತಿನ್ನೋಣ."

ಖಾಲಿ ಚೌಕಗಳ ಉದ್ದಕ್ಕೂ ಸೀಮೆಬದನೆ ಎಂದು ಬರೆದೆ. ಹಾಳೆ ಸಾಲದೆ ಇನ್ನೊಂದು ಅಂಟಿಸಿದೆ.

ಮಧ್ಯಾಹ್ನ ಅವನು ಹಗುರವಾದ ಕಂಬವೊಂದನ್ನು ಹಿತ್ತಲ ಗೋಡೆಗೆ ಒರಗಿಸಿ, ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ. ನನ್ನ ನೆತ್ತಿಗಿಂತ ಒಂದು ಗೇಣು ಮೇಲೆ ಗೆರೆ ಎಳೆದ.

"ಕಾಯಿ ಜೋತು ಬೀಳುತ್ತೆ. ಚಪ್ಪರ ಇಷ್ಟೆತ್ತರ ಇದ್ರೆ ನೀನು ಸ್ಟೂಲ್ ಹತ್ತೋದೇ ಬೇಕಾಗಲ್ಲ," ಎಂದ.

ಗೆರೆ ಅವನ ಕಣ್ಣಿನ ಮಟ್ಟಕ್ಕಿತ್ತು. ಆ ಚಪ್ಪರದ ಕೆಳಗೆ ಅವನು ನಡೆದಾಡುವುದು ಸಾಧ್ಯವೇ ಇರಲಿಲ್ಲ. ನನಗೆ ಬುದ್ಧಿ ಹೇಳಿದವನು ತಾನೂ ತಾನಿಲ್ಲದ ದಿನದ ಲೆಕ್ಕವನ್ನೇ ಹಾಕಿದ್ದ.

"ಅಬ್ಬಾ, ಭಾರಿ ಬಡಗಿ!" ಎಂದೆ. "ನಿಲ್ಲು ನೀನು ಕಂಬದ ಹತ್ರ. ನೆಟ್ಟಗೆ ನಿಲ್ಲು!"

ಅಡುಗೆಮನೆಯಿಂದ ಸ್ಟೂಲ್ ಎಳೆದು ತಂದು ಹತ್ತಿದೆ. ಅವನ ಕೈಯಿಂದ ಪೆನ್ಸಿಲ್ ಕಸಿದುಕೊಂಡು, ಅವನ ನೆತ್ತಿಗಿಂತ ಒಂದು ಗೇಣು ಮೇಲೆ ಗೆರೆ ಎಳೆದೆ.

"ಅಕ್ಕ, ಅಕಸ್ಮಾತ್..."

"ಅಕಸ್ಮಾತ್ ಆದ್ರೆ ಸ್ಟೂಲ್ ಹತ್ತಿ ಕುಯ್ಕೋತೀನಿ. ನೀನು ಗರಗಸ ತಗೋ."