ಎರಡು ಸಾವಿರದ ಹತ್ತರ ಮಲಕಪ್ಪ

೧೯೯೭ರ ಜೂನ್‌ನಲ್ಲಿ ಮರಾಠಿ ಸೀಮೆಯ ಭೋಸರಿಯ ಒಂದು ಕಾರ್ಖಾನೆಯವರು, ತಗಡು ಒತ್ತುವ ಪ್ರೆಸ್ ಶಾಪಿನ ಇಪ್ಪತ್ತು ಜನರನ್ನು ಒಂದು ದಿನ ಕೆಲಸ ಬಿಡಿಸಿ ಕ್ಯಾಂಟೀನಿನಲ್ಲಿ ಕೂರಿಸಿದರು. ತರಬೇತಿಗೆ ಬಂದಿದ್ದ ಇಂದೂ ಮೇಡಂ ಐದೈದು ಜನರ ಗುಂಪು ಮಾಡಿ, ಗುಂಪಿಗೊಂದು ದೊಡ್ಡ ಹಾಳೆ ಕೊಟ್ಟರು. ೨೦೧೦ರಲ್ಲಿ ನಿಮ್ಮ ಶಾಪ್ ಹೇಗಿರಬಹುದು, 'ಹೀಗಾದರೆ' ಎಂದು ಶುರು ಮಾಡಿ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮನಸ್ಸಿಗೆ ಬಂದದ್ದು ಬರೆಯಿರಿ ಎಂದರು.

ಒಂದು ಗುಂಪು ಯಂತ್ರಮಾನವನ ಚಿತ್ರ ಬರೆಯಿತು. ಇನ್ನೊಂದು ಗುಂಪಿನ ಕನಸಿನಲ್ಲಿ ಎಲ್ಲರೂ ಕಾರಿನಲ್ಲಿ ಕೆಲಸಕ್ಕೆ ಬರುತ್ತಿದ್ದರು. ನಿಜಲಿಂಗಪ್ಪನ ಗುಂಪಿಗೆ ಮಾತ್ರ ಏನೂ ಹೊಳೆಯಲಿಲ್ಲ. ಅವನು ಇಂಡಿ ಕಡೆಯ ಮಾತುಗಾರ. ನೀನೇ ಹೇಳು ಎಂದು ಎಲ್ಲರೂ ಅವನನ್ನು ಮುಂದೆ ನೂಕಿದರು. ಅವನ ಊರಿನವನೇ ಆದ ಮಲಕಪ್ಪನೂ ಆ ಗುಂಪಿನಲ್ಲಿದ್ದ. ಎಂಟು ವರ್ಷದ ಹಿಂದೆ ನಿಜಲಿಂಗಪ್ಪನನ್ನು ಕೈಹಿಡಿದು ಈ ಕೆಲಸಕ್ಕೆ ಹಚ್ಚಿದವನು ಅವನೇ.

ನಿಜಲಿಂಗಪ್ಪ ಎದ್ದು ನಿಂತು ಹೇಳತೊಡಗಿದ. ೨೦೧೦ರಲ್ಲಿ ಮಲಕಪ್ಪಣ್ಣ ಗೇಟಿನ ವಾಚ್‌ಮನ್ ಆಗಿದ್ದಾನೆ. ಬಂದವರಿಗೆಲ್ಲ ಎಡಗೈಯಿಂದ ಸಲಾಂ ಹೊಡೆಯುತ್ತಾನೆ. ಬಲಗೈ ಎಲ್ಲಿ ಎಂದರೆ, ಮೂರನೇ ನಂಬರಿನ ಪ್ರೆಸ್ಸಿಗೆ ಕೊಟ್ಟೆ ಎನ್ನುತ್ತಾನೆ. ಕ್ಯಾಂಟೀನ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಲಕಪ್ಪ. ಮೇಡಂ ಅದನ್ನೇ ಆ ಗುಂಪಿನ ಹಾಳೆಯಲ್ಲಿ ಬರೆಸಿ ಗೋಡೆಗೆ ಅಂಟಿಸಿದರು.

ಮಲಕಪ್ಪ ನಡೆಸುತ್ತಿದ್ದ ಮೂರನೇ ಪ್ರೆಸ್ಸಿಗೆ ಎರಡು ಗುಂಡಿ. ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಕೈ ಒಳಗೆ ಸಿಗಬಾರದೆಂದೇ ಆ ಏರ್ಪಾಡು. ಆದರೆ ಒಂದು ಗುಂಡಿಗೆ ಕಟ್ಟಿಗೆ ಚೂರು ಸಿಕ್ಕಿಸಿದರೆ ಒಂದು ಕೈ ಬಿಡುವಾಗಿ ಕೆಲಸ ಬೇಗ ಸಾಗುತ್ತಿತ್ತು. ಮಲಕಪ್ಪ ಹಾಗೇ ಮಾಡುತ್ತಿದ್ದ. ಸೂಪರ್‌ವೈಸರ್ ಅಪ್ಪಾಸಾಹೇಬ ನೋಡಿಯೂ ನೋಡದಂತಿದ್ದ. ನಿಜಲಿಂಗಪ್ಪನೂ ನೋಡಿದ್ದ. ಬಾಯಿಬಿಟ್ಟು ಹೇಳಲು ಅಂಜಿಕೆಯಾಗಿ ಆ ದಿನ ಅದನ್ನು ನಗೆಯಾಗಿ ಹೇಳಿದ್ದ.

ಇಪ್ಪತ್ತು ದಿನ ಕಳೆದ ಮೇಲೆ, ಮೊದಲ ಪಾಳಿಯಲ್ಲಿ, ಮಲಕಪ್ಪನ ಬಲಗೈಯ ಮೂರು ಬೆರಳು ಹೋದವು.

ಮರುದಿನದಿಂದ ನಿಜಲಿಂಗಪ್ಪನ ಪಕ್ಕದಲ್ಲಿ ಯಾರೂ ಊಟಕ್ಕೆ ಕೂರಲಿಲ್ಲ. ಅವನದು ಕರಿನಾಲಿಗೆ ಎಂದರು. ಹತ್ತಿರದ ನಿಗಡಿಯಲ್ಲಿದ್ದ ಅವನ ಮನೆಯಲ್ಲಿ ಹೆಂಡತಿ ಚನ್ನಬಸವ್ವ, ದೋಷ ಹೋಗಲಿ, ಶನಿವಾರ ಗುಡಿಗೆ ಎಣ್ಣೆ ಕೊಟ್ಟು ಬಾ ಎಂದಳು. ನಾಲಿಗೆಯ ದೋಷವಲ್ಲ, ನೋಡಿಯೂ ಹೇಳದ ದೋಷ ಎಂಬುದು ಅವನಿಗೆ ಗೊತ್ತಿತ್ತು.

ವಿಚಾರಣೆಗೆ ಸರಕಾರಿ ಅಧಿಕಾರಿ ಬರುವ ಹಿಂದಿನ ದಿನ ಅಪ್ಪಾಸಾಹೇಬ ಅವನನ್ನು ಬದಿಗೆ ಕರೆದ. ಗೋಡೆಯ ಮೇಲಿನ ಹಾಳೆ ಆಗಲೇ ಮಾಯವಾಗಿತ್ತು. ಯಾರಾದರೂ ಕೇಳಿದರೆ ಅದು ಬರೀ ಕಲ್ಪನೆ ಎನ್ನು, ಮಲಕಪ್ಪ ತನ್ನ ತಪ್ಪಿನಿಂದಲೇ ಕೈ ಹಾಕಿದ ಎಂದು ನಾನು ಬರೆದುಕೊಟ್ಟಿದ್ದೇನೆ ಎಂದ.

ಅಧಿಕಾರಿ ಕೇಳಿದಾಗ ನಿಜಲಿಂಗಪ್ಪ, ಅದು ಕಲ್ಪನೆಯಲ್ಲ, ಕಟ್ಟಿಗೆ ಚೂರನ್ನು ನಾನೂ ನೋಡಿದ್ದೆ, ಸೂಪರ್‌ವೈಸರನೂ ನೋಡಿದ್ದ ಎಂದು ಮರಾಠಿಯಲ್ಲಿ ಹೇಳಿ ಸಹಿ ಹಾಕಿದ. ವಾರದೊಳಗೆ ಅವನನ್ನು ಪ್ರೆಸ್ ಶಾಪಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ತಪ್ಪು ಕಾರ್ಖಾನೆಯದೆಂದು ವರದಿಯಾಯಿತು, ಮಲಕಪ್ಪನ ನೌಕರಿ ಉಳಿಯಿತು.

ಅದನ್ನು ತಾನೇ ತಿಳಿಸಬೇಕೆಂದು ನಿಜಲಿಂಗಪ್ಪ ಅವನ ಮನೆಗೆ ಹೋದ. ಮಲಕಪ್ಪ ಮಂಚದ ಮೇಲೆ ಕೂತು, ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳಿದ.

"ಅಧಿಕಾರಿ ಮುಂದ ಖರೇ ಹೇಳಿದಿ, ಚಲೋ ಆತು," ಅಂದ. "ಆದರ ನಿಜಲಿಂಗ, ಕಟ್ಟಿಗಿ ತಗಿ ಅಂತ ನನ್ನ ಮುಂದ ಯಾಕ ಹೇಳಲಿಲ್ಲ? ಅವತ್ತ ಎಲ್ಲಾರ ಜೋಡಿ ನಾನೂ ನಕ್ಕಿನಲ್ಲೋ."

"ಅಂಜಿಕಿ ಬಂತಣ್ಣ."

"ನನಗ ಅಂಜಿದೇನು?"

ಮಲಕಪ್ಪನ ಹೆಂಡತಿ ತಂದಿಟ್ಟ ಚಹಾ ಕೆನೆಗಟ್ಟಿತು. ಮಲಕಪ್ಪ ಗೋಡೆಯ ಕಡೆ ತಿರುಗಿ ಮಲಗಿದ.