ಒಂದೇ ಬೋಯ್‌ಗೆ ಎರಡು ಬೋಟು

ಬೋಟಿನವರು ಅವಳಿಗೆ ಇಟ್ಟ ಹೆಸರು ರೂಲ್ಸಕ್ಕ. ಎದುರಿಗೆ ಮೇಡಂ, ಬೆನ್ನ ಹಿಂದೆ ರೂಲ್ಸಕ್ಕ. ಅವಳಿಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ರಕ್ಷಿತ ಸಮುದ್ರ ವಲಯದ ಕಾವಲಿಗೆ ಸೇರಿದ ಮೇಲೆ ದಿನವಿಡೀ ಹೇಳಬೇಕಾದ್ದೇ ಅದು: ಹವಳ ಮುಟ್ಟಬೇಡಿ, ಮೀನಿಗೆ ತಿನ್ನಲು ಹಾಕಬೇಡಿ, ಚಿಪ್ಪು ಹೆಕ್ಕಿ ಜೇಬಿಗಿಳಿಸಬೇಡಿ. ಬಂದುಹೋಗುವವರಿಗೆ ಇಷ್ಟಾದರೆ ಡೈವಿಂಗ್ ಬೋಟಿನವರಿಗೆ ಬೇರೆಯದೇ ಪಾಠ. ವಲಯದೊಳಗೆ ಎಲ್ಲೂ ಲಂಗರು ಬಿಡುವಂತಿಲ್ಲ. ಸಮುದ್ರದ ತಳಕ್ಕೆ ಬಿಗಿದು ನೀರಿನ ಮೇಲೆ ತೇಲಿಸಿದ ಹಳದಿ ಬೋಯ್‌ಗೆ ಹಗ್ಗ ಕಟ್ಟಿ ನಿಲ್ಲಬೇಕು, ಅದೂ ಒಂದು ಬೋಯ್‌ಗೆ ಒಂದೇ ಬೋಟು. ಜನ ನೀರಿನಡಿ ಇರುವಾಗ ಎಂಜಿನ್ ಹಾಕಕೂಡದು.

ಇದನ್ನೆಲ್ಲ ಅವಳು ಅತಿ ಹೆಚ್ಚು ಸಲ ಹೇಳಿದ್ದು ತನ್ನ ಭಾವನಿಗೇ. ಅಕ್ಕನ ಗಂಡ ಸ್ವಂತ ಡೈವಿಂಗ್ ಬೋಟು ಓಡಿಸುತ್ತಿದ್ದ. ನೀರಿಗಿಳಿಯುವವರನ್ನು ಕೆಳಗೆ ಕರೆದುಕೊಂಡು ಹೋಗಿ ಬರುವವಳು ಅಕ್ಕನ ಮಗಳು. ರೂಲ್ಸಕ್ಕ ಇದ್ದದ್ದು ಅದೇ ಮನೆಯ ಮಹಡಿಯ ಕೋಣೆಯಲ್ಲಿ. ಒಂದೇ ಅಡುಗೆಮನೆ, ಒಂದೇ ಮೆಟ್ಟಿಲು.

"ಮನೇಲಿ ಅಕ್ಕನ ರೂಲ್ಸು, ನೀರಲ್ಲಿ ತಂಗಿ ರೂಲ್ಸು. ನಾನು ಉಸಿರಾಡೋದೆಲ್ಲಿ?" ಎಂದು ಭಾವ ಮೊದಮೊದಲು ನಗುತ್ತಿದ್ದ. ಹೋದ ತಿಂಗಳು ಎಂಜಿನ್ ಆಡಿಸಿಕೊಂಡೇ ಜನರನ್ನು ಇಳಿಸಿದ ಎಂದು ಅವಳು ಅವನ ಬೋಟನ್ನು ಒಂದು ವಾರ ದಡಕ್ಕೆ ಕಟ್ಟಿಸಿದ ಮೇಲೆ ನಗು ನಿಂತಿತು. ಮಾತೂ ನಿಂತಿತು. ಅವನು ಊಟಕ್ಕೆ ಕೂತಾಗ ಅವಳು ಕೆಳಗಿಳಿದರೆ ತಟ್ಟೆ ಎತ್ತಿಕೊಂಡು ಹಿತ್ತಲ ಜಗುಲಿಗೆ ಹೋಗುತ್ತಿದ್ದ. ಅಕ್ಕ ಇಬ್ಬರ ನಡುವೆ ಅಡಕತ್ತರಿಗೆ ಸಿಕ್ಕ ಅಡಕೆಯಾಗಿದ್ದಳು.

"ನಿನ್ನ ಕೆಲಸ ನೀನು ಮಾಡು, ಬೇಡ ಅನ್ನಲ್ಲ. ಆದ್ರೆ ಮನೆಯವರು ಅಂತ ಒಂಚೂರು ನೋಡಬಾರದಾ?" ಎಂದು ಅಕ್ಕ ಕೇಳಿದ್ದಳು.

"ಅವರ ಬೋಟಿನ ಕೆಳಗೆ ನೀರಲ್ಲಿರೋದು ನಿನ್ನ ಮಗಳೇ ಅಲ್ವಾ, ಅಕ್ಕ?"

ಅಕ್ಕ ತಿರುಗಿ ಪಾತ್ರೆ ತಿಕ್ಕತೊಡಗಿದಳು. ಉತ್ತರ ಪಾತ್ರೆಗಳೇ ಕೊಟ್ಟವು.

ಆ ದಿನ ಬೆಳಗ್ಗೆ ಗಾಳಿ ಹಗುರಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬಲವಾಗುತ್ತದೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಅದು ಹೇಳಿದ್ದಕ್ಕಿಂತ ಬೇಗ ಬಂತು. ಕಾವಲು ಬೋಟು ಉತ್ತರದ ಹವಳದ ದಿಬ್ಬದ ಕಡೆ ತಿರುಗುವಾಗ ನೀರಿನ ಮೈಯೆಲ್ಲ ಬಿಳಿ ನೊರೆ ಎದ್ದಿತ್ತು. ಬೋಟು ನಡೆಸುತ್ತಿದ್ದವನು ನಿಧಾನಣ್ಣ. ಯಾವುದಕ್ಕೂ ‘ನಿಧಾನ, ನಿಧಾನ’ ಎನ್ನುವ ಆ ಹಿರಿಯನನ್ನು ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆಂಬ ಸುದ್ದಿಯಿತ್ತು. ಅವನೇ ಮೊದಲು ನೋಡಿದ್ದು.

"ಮೇಡಂ, ನಿಮ್ಮ ಭಾವನ ಬೋಟು. ಅದರ ಬಾಲಕ್ಕೆ ಇನ್ನೊಂದು ನೇತಾಡ್ತಿದೆ ನೋಡಿ."

ಬೋಯ್‌ಗೆ ಕಟ್ಟಿದ್ದು ಭಾವನ ಬೋಟು. ಅದರ ಹಿಂಭಾಗಕ್ಕೆ ಹಗ್ಗ ಬಿಗಿದು ನಿಂತಿದ್ದು ಅದಕ್ಕಿಂತ ಒಂದೂವರೆ ಪಟ್ಟು ದೊಡ್ಡ ಬೋಟು, ಪೀಪಾಯಿಯದು. ಪೀಪಾಯಿ ಎಂದರೆ ಆ ಬೋಟಿನ ಮಾಲೀಕ. ಆಕಾರಕ್ಕೂ ದನಿಗೂ ಹೆಸರು ಸರಿಯಾಗಿ ಹೊಂದುತ್ತಿತ್ತು. ಎರಡು ಬೋಟಿನ ಭಾರವನ್ನೂ ಬೋಯ್‌ನ ಒಂದೇ ಹಗ್ಗ ಹೊತ್ತಿತ್ತು. ಅಲೆ ಬಂದಾಗಲೆಲ್ಲ ಹಳದಿ ಬೋಯ್ ಪೂರ್ತಿ ಮುಳುಗಿ, ಆಮೇಲೆ ಏದುಸಿರು ಬಿಡುವವನ ಹಾಗೆ ಮೇಲೇಳುತ್ತಿತ್ತು. ಹಿಂದೆ, ಅಷ್ಟೇನೂ ದೂರವಲ್ಲದ ಕಡೆ, ದಿಬ್ಬದ ನೆತ್ತಿಯ ಮೇಲೆ ಅಲೆಗಳು ಒಡೆಯುತ್ತಿದ್ದವು.

"ಹತ್ತಿರ ಹೋಗಬೇಡಿ, ಗುಳ್ಳೆಗಳಿವೆ," ಎಂದಳು ಅವಳು. ನೀರಿನಡಿ ಉಸಿರಾಡುವವರ ಗುಳ್ಳೆಗಳು ಎರಡೂ ಬೋಟುಗಳ ಹಿಂದೆ ಅಲ್ಲಲ್ಲಿ ಕುದಿಯುತ್ತಿದ್ದವು. ನಿಧಾನಣ್ಣ ದೂರದಲ್ಲೇ ನಿಲ್ಲಿಸಿದ. ಅವಳು ಗುಳ್ಳೆಗಳಿಲ್ಲದ ಮುಂಭಾಗದ ಕಡೆಯಿಂದ ಈಜಿ ಹೋಗಿ ಭಾವನ ಬೋಟು ಹತ್ತಿದಳು.

ಭಾವನೂ ಅವಳೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು ಇದು:

"ಎಷ್ಟು ಜನ ಕೆಳಗಿದ್ದಾರೆ ಭಾವ?"

"ನಮ್ಮವರು ನಾಲ್ಕು, ಮಗಳು ಸೇರಿ. ಅವನವರು ಐದು."

"ಇವನನ್ನ ಯಾಕೆ ಕಟ್ಟಿಸಿಕೊಂಡ್ರಿ?"

"ಬೇರೆ ಬೋಯ್ ಖಾಲಿ ಇರಲಿಲ್ಲ. ಬೋಟಲ್ಲಿ ಒಬ್ಬರು ವಯಸ್ಸಾದ ಹೆಂಗಸಿದಾರೆ, ವಾಂತಿ ಮಾಡ್ಕೊಂಡು ಸುಸ್ತಾಗಿದಾರೆ, ಒಂದು ಗಳಿಗೆ ನಿಂತು ಹೋಗ್ತೀನಿ ಅಂದ. ಮನುಷ್ಯ ಅಂದಮೇಲೆ ಹೇಗೆ ಇಲ್ಲ ಅನ್ನೋದು? ನಿಲ್ಲಿಸಿದ ಮೇಲೆ ನೋಡಿದ್ರೆ ಜನರನ್ನ ಇಳಿಸಿಯೇ ಬಿಟ್ಟಿದಾನೆ."

ಪೀಪಾಯಿ ತನ್ನ ಬೋಟಿನಿಂದಲೇ ಕೂಗಿದ. "ಮೇಡಂ, ದೊಡ್ಡದು ಮಾಡಬೇಡಿ! ಅವರು ಮೇಲೆ ಬಂದ ತಕ್ಷಣ ಹೊರಟೆ."

ಈಗ ಹಗ್ಗ ಬಿಚ್ಚಿಸುವಂತೆಯೂ ಇಲ್ಲ. ಬಿಚ್ಚಿದರೆ ಪೀಪಾಯಿ ಎಂಜಿನ್ ಹಾಕಲೇಬೇಕು. ಅವನ ಪ್ರೊಪೆಲ್ಲರ್‌ನ ಸುತ್ತಲೇ ಗುಳ್ಳೆಗಳು. ಕಾಯುವುದೊಂದೇ ದಾರಿ ಎಂದುಕೊಂಡು ಅವಳು ಬೋಯ್‌ನ ಹಗ್ಗ ನೋಡಲು ಮುಂಭಾಗಕ್ಕೆ ಹೋದಳು. ಹಗ್ಗ ತಂತಿಯಂತೆ ಬಿಗಿದು ಕಿರುಗುಟ್ಟುತ್ತಿತ್ತು. ಅದರ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದು ಕಣ್ಣಿಗೇ ಕಾಣುತ್ತಿತ್ತು.

"ಭಾವ, ಇನ್ನೊಂದು ಹಗ್ಗ ಕೊಡಿ, ಬೇಗ!"

ಭಾವ ಹಗ್ಗದ ಸುರುಳಿ ಎತ್ತಿಕೊಂಡು ಓಡಿ ಬಂದ. ಅಷ್ಟರಲ್ಲಿ ದೊಡ್ಡ ಅಲೆಯೊಂದು ಎರಡೂ ಬೋಟುಗಳನ್ನು ಎತ್ತಿ ಹಿಂದಕ್ಕೆ ಎಳೆಯಿತು. ಪಟಾಕಿ ಸಿಡಿದ ಹಾಗೆ ಸದ್ದಾಯಿತು. ಹರಿದ ತುದಿ ಅವಳ ಭುಜದ ಪಕ್ಕದಲ್ಲೇ ಬೀಸಿ ಹೋಯಿತು. ಹಳದಿ ಬೋಯ್ ನೆಗೆದು ಮೇಲೆ ಬಂತು, ದೂರವಾಗತೊಡಗಿತು.

ದೂರವಾಗುತ್ತಿದ್ದದ್ದು ಬೋಯ್ ಅಲ್ಲ, ತಾವು. ಒಂದಕ್ಕೊಂದು ಕಟ್ಟಿದ ಎರಡು ಬೋಟುಗಳೂ ದಿಬ್ಬದ ಕಡೆ ಜಾರುತ್ತಿದ್ದವು. ನಡುವೆ ಒಂಬತ್ತು ಜನರ ಗುಳ್ಳೆಗಳು.

"ಎಂಜಿನ್!" ಎಂದು ಪೀಪಾಯಿ ಅರಚಿದ. "ಎಂಜಿನ್ ಹಾಕ್ತೀನಿ!"

"ಹಾಕಬೇಡಿ!"

ಅವಳು ಓಡಿದಳು. ಸಿಲಿಂಡರ್‌ಗಳನ್ನು ದಾಟಿ, ಒದ್ದೆ ಬಟ್ಟೆಗಳ ಮೇಲೆ ಜಾರಿ, ಎರಡು ಬೋಟುಗಳ ನಡುವಿನ ಸಂದು ಕಿರಿದಾದ ಕ್ಷಣ ನೋಡಿ ಹಾರಿದಳು. ಮೊಣಕಾಲು ಕಟಕಟೆಗೆ ಬಡಿಯಿತು. ಬೆಂಚಿನ ಮೇಲೆ ಮಲಗಿದ್ದ ವಯಸ್ಸಾದ ಹೆಂಗಸು ಗಾಬರಿಯಿಂದ ಎದ್ದು ಕೂತಳು. ಪೀಪಾಯಿಯ ಕೈ ಆಗಲೇ ಕೀಲಿಯ ಮೇಲಿತ್ತು. ಎಂಜಿನ್ ಒಮ್ಮೆ ಕೆಮ್ಮಿತು, ಹತ್ತಲಿಲ್ಲ. ಅವನು ಮತ್ತೆ ತಿರುಗಿಸುವ ಮೊದಲು ಅವಳು ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಕೀಲಿ ಕಿತ್ತು ಅವಳ ಮುಷ್ಟಿಗೆ ಬಂತು.

"ಹುಚ್ಚು ಹಿಡಿದಿದೆಯೇನಮ್ಮ ನಿನಗೆ?" ಮೇಡಂ ಎನ್ನುವುದು ಅವನಿಗೆ ಮರೆತೇಹೋಗಿತ್ತು. "ದಿಬ್ಬಕ್ಕೆ ಬಡಿದ್ರೆ ಬೋಟು ಚೂರುಚೂರು! ನೀನು ಕೊಡಿಸ್ತೀಯಾ?"

"ಕೆಳಗೆ ಜನ ಇದಾರೆ!"

"ಮೇಲೂ ಜನ ಇದೀವಿ! ಕೊಡು ಇಲ್ಲಿ!"

ಅವನು ಅವಳ ಮುಷ್ಟಿ ಬಿಡಿಸಲು ಬಂದ. ಆಗಲೇ ಬೋಟಿನ ಹಿಂದೆ, ಏಣಿಗೆ ಒಂದು ಮಾರು ದೂರದಲ್ಲಿ, ಕಪ್ಪು ಮುಖವಾಡದ ತಲೆಯೊಂದು ನೀರಿನಿಂದ ಮೇಲೆದ್ದಿತು. ಪೀಪಾಯಿಯ ಬೋಟಿನಿಂದ ಇಳಿದಿದ್ದವನೊಬ್ಬ. ಏನು ನಡೆಯುತ್ತಿದೆಯೆಂದು ತಿಳಿಯದೆ, ಎಲ್ಲ ಚೆನ್ನಾಗಿತ್ತು ಎಂಬಂತೆ ಹೆಬ್ಬೆರಳು ತೋರುಬೆರಳು ಸೇರಿಸಿ ಕೈ ಎತ್ತಿದ. ಅವನ ಕಾಲುಗಳು ಸರಿಯಾಗಿ ಪ್ರೊಪೆಲ್ಲರ್‌ನ ಪಕ್ಕದಲ್ಲಿದ್ದವು.

ಪೀಪಾಯಿಯ ಕೈ ಸಡಿಲವಾಯಿತು. ಅವನು ಏಣಿಯ ಕಡೆ ಓಡಿದ. ಆಮೇಲೆ ಎರಡೂ ಕೈ ಚಾಚಿ ಆ ಮನುಷ್ಯನನ್ನು ಮೀನು ಎಳೆದ ಹಾಗೆ ಎಳೆದುಕೊಂಡ.

ದಿಬ್ಬ ಹತ್ತಿರ ಬರುತ್ತಿತ್ತು. ಅಲೆ ಒಡೆಯುವ ಸದ್ದಿನ ಮೇಲೆ ಈಗ ಕೂಗಿ ಮಾತಾಡಬೇಕಿತ್ತು. ದೂರದಲ್ಲಿ ನಿಧಾನಣ್ಣ ಎದ್ದು ನಿಂತು ಕೈ ಬೀಸುತ್ತಿದ್ದ. ಅವನಿಗೂ ಗುಳ್ಳೆಗಳನ್ನು ದಾಟಿ ಬರಲಾಗದು. ಅವಳು ಭಾವನ ಬೋಟಿಗೆ ಮತ್ತೆ ಹಾರಿದಳು. ಮುಂಭಾಗದಲ್ಲಿ ಲಂಗರು ಇತ್ತು. ವಲಯದೊಳಗೆ ಬರುವಾಗ ಕಾವಲು ಕಟ್ಟೆಯಲ್ಲಿ ಎಲ್ಲ ಬೋಟುಗಳ ಲಂಗರಿಗೂ ಬಿಡಲಾಗದಂತೆ ಕಟ್ಟುವ ಕೆಂಪು ಹುರಿ ಅದಕ್ಕೂ ಬಿಗಿದಿತ್ತು. ಆ ಬೆಳಗ್ಗೆ ಗಂಟು ಹಾಕಿದವಳು ಅವಳೇ.

ಅವಳು ಬೋರಲು ಮಲಗಿ, ಬೋಟಿನಲ್ಲಿ ಬಿದ್ದಿದ್ದ ಮುಖವಾಡವೊಂದನ್ನು ಕಣ್ಣಿಗೆ ಒತ್ತಿ ಹಿಡಿದು, ತಲೆಯನ್ನು ನೀರಿಗೆ ಇಳಿಸಿದಳು. ಕೆಳಗೆ ನೀಲಿ, ಅದರೊಳಗೆ ಕಂದು ಹಳದಿ ಹವಳದ ಗುಡ್ಡೆಗಳು, ಒಂದು ಮೀನಿನ ಗುಂಪು. ಮುಂದೆ ಮನುಷ್ಯರಿಲ್ಲ. ಎಡಕ್ಕಿಲ್ಲ. ಬಲಕ್ಕಿಲ್ಲ. ತಲೆ ಎತ್ತಿದಳು.

"ಲಂಗರು ಬಿಡಿ ಭಾವ."

ಭಾವ ಕೇಳಿಸದವನಂತೆ ನಿಂತ. "ಏನಂದೆ?"

"ಲಂಗರು ಬಿಡಿ!"

"ನೀನು ಹೇಳ್ತಿದೀಯಾ? ಕೆಳಗೆ ಪೂರ್ತಿ ಹವಳ. ನಾಳೆ ನೀನೇ..."

"ನಾಳೆ ನಾಳೆಗೆ. ಹುರಿ ಕತ್ತರಿಸಿ!"

ಭಾವ ಸೊಂಟದ ಚಾಕು ತೆಗೆದು ಒಂದೇ ಏಟಿಗೆ ಕತ್ತರಿಸಿದ. ಲಂಗರು ನೀರು ಸೀಳಿ ಹೋಯಿತು. ಸರಪಳಿ ಗಡಗಡ ಓಡಿತು, ನಿಂತಿತು, ಬಿಗಿಯಿತು. ಆಮೇಲೆ ಬಂದದ್ದು ಅವಳು ಎಂದೂ ಕೇಳಿರದ ಸದ್ದು. ಸರಪಳಿಯ ಮೂಲಕ, ಬೋಟಿನ ಮರದ ಮೂಲಕ, ಅಂಗೈಗೆ ಬಂತು: ಕರಕರ, ಕರಕರ. ಕೆಳಗೆ ಏನೋ ಮುರಿಯುತ್ತಿತ್ತು. ಲಂಗರು ಹಿಡಿಯದೆ ಹವಳದ ಮೇಲೆ ಉಳುತ್ತ ಬರುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡಳು. ಹಿಡಿ, ಎಲ್ಲಾದರೂ ಹಿಡಿ.

ಹಿಡಿಯಿತು. ಎರಡೂ ಬೋಟುಗಳು ಒಮ್ಮೆ ಜೋರಾಗಿ ಜಗ್ಗಿ ನಿಂತವು. ಪೀಪಾಯಿಯ ಬೋಟಿನ ಹಿಂದೆ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ, ದಿಬ್ಬದ ನೆತ್ತಿ ನೊರೆಯೊಳಗೆ ಕಂಡು ಮರೆಯಾಗುತ್ತಿತ್ತು.

ಒಬ್ಬೊಬ್ಬರಾಗಿ ಮೇಲೆ ಬರತೊಡಗಿದರು. ಪೀಪಾಯಿಯವರು ಐವರೂ ಬಂದರು. ಭಾವನವರು ಮೂವರು. ಭಾವ ಪ್ರತಿ ತಲೆಯನ್ನೂ ನೋಡುತ್ತಿದ್ದ, ಪ್ರತಿ ಸಲವೂ ಅದು ಮಗಳ ತಲೆಯಾಗಿರುತ್ತಿರಲಿಲ್ಲ.

"ಎಲ್ಲಿ?" ಎಂದು ಕೊನೆಯಲ್ಲಿ ಹತ್ತಿದವನ ಹೆಗಲು ಹಿಡಿದು ಕೇಳಿದ. "ನಿಮ್ಮನ್ನ ಕರೆದುಕೊಂಡು ಹೋದ ಹುಡುಗಿ ಎಲ್ಲಿ?"

"ನನ್ನನ್ನ ಏಣಿ ಹತ್ತಿರ ಬಿಟ್ಟು, ಇನ್ಯಾರಾದ್ರೂ ಉಳಿದಿದಾರಾ ನೋಡ್ತೀನಿ ಅಂತ ಮತ್ತೆ ಕೆಳಗೆ ಹೋದ್ರು."

ಭಾವ ಅಂಗಿ ಬಿಚ್ಚತೊಡಗಿದ. ರೂಲ್ಸಕ್ಕ ಸರಪಳಿಯ ಪಕ್ಕದ ನೀರನ್ನೇ ನೋಡುತ್ತಿದ್ದಳು. ಮುಂದೆ ಯಾರೂ ಇರಲಿಲ್ಲ, ನಾನೇ ನೋಡಿದ್ದೆ. ಆದರೆ ಬಿಟ್ಟ ಮೇಲೆ ಲಂಗರು ಎಷ್ಟು ದೂರ ಉಳುತ್ತ ಬಂತು! ಆ ದಾರಿಯಲ್ಲಿ ಯಾರಿದ್ದರು? ಅಕ್ಕನ ಮುಖ ಕಣ್ಣೆದುರು ಬಂತು; ಅದನ್ನು ದೂಡಲು ನೋಡಿದಳು, ಹೋಗಲಿಲ್ಲ.

ಸರಪಳಿಯ ಪಕ್ಕದಲ್ಲಿ ಗುಳ್ಳೆಗಳೆದ್ದವು. ಅಕ್ಕನ ಮಗಳು ಮೇಲೆ ಬಂದು, ಬಾಯಿಂದ ಕೊಳವೆ ತೆಗೆದು, ಉಗಿದಳು.

"ಲಂಗರು ಬಿಟ್ಟಿದ್ದು ಯಾರು?" ಎಂದಳು. ಸಿಟ್ಟಿನಿಂದ ನೀರಿಗೆ ಅಂಗೈ ಬಡಿದಳು. "ಮೇಲೆ ಬೋಟು ಜಾರೋದು ಕಾಣ್ತು, ಇವರನ್ನೆಲ್ಲ ಬಂಡೆಗೆ ಒತ್ತಿ ಹಿಡ್ಕೊಂಡಿದ್ದೆ. ಪಕ್ಕದಲ್ಲೇ ಹೋಯ್ತು! ಕೈ ಚಾಚಿದ್ರೆ ಸಿಗ್ತಿತ್ತು!"

"ನಾನೇ," ಎಂದಳು ರೂಲ್ಸಕ್ಕ.

"ಚಿಕ್ಕಮ್ಮ, ನೀವಾ?"

ಭಾವ ಮಗಳನ್ನು ಬೋಟಿಗೆ ಎಳೆದುಕೊಂಡವನು ಬಹಳ ಹೊತ್ತು ಬಿಡಲಿಲ್ಲ.

ನೀರಿನಲ್ಲಿ ಯಾರೂ ಇಲ್ಲವೆಂದು ಖಚಿತವಾದ ಮೇಲೆ ರೂಲ್ಸಕ್ಕ ಕೀಲಿಯನ್ನು ಪೀಪಾಯಿಗೆ ಕೊಟ್ಟಳು. ಅವನು ಹಗ್ಗ ಬಿಚ್ಚಿ ಹೊರಟ. ಸರಪಳಿ ಎಳೆದರೆ ಇನ್ನಷ್ಟು ಮುರಿಯುತ್ತದೆಂದು ಚಿಕ್ಕಮ್ಮ, ಮಗಳು ಇಬ್ಬರೂ ಕೆಳಗಿಳಿದು ಲಂಗರನ್ನು ಕೈಯಾರೆ ಬಿಡಿಸಿದರು. ಉಳುಮೆಯ ಗೆರೆ ಬಿಳಿಯಾಗಿ ಉದ್ದಕ್ಕೆ ಕಾಣುತ್ತಿತ್ತು. ಅದರ ಕೊನೆಯಲ್ಲಿ ಆಳೆತ್ತರದ ಹವಳವೊಂದು ಎರಡು ಹೋಳಾಗಿ ಬಿದ್ದಿತ್ತು. ಅದು ಅಷ್ಟಾಗಲು ಎಷ್ಟು ತಲೆಮಾರು ಹಿಡಿದಿತ್ತೋ. ಅವಳು ಅದರ ಮುಂದೆ ಸುಮ್ಮನೆ ತೇಲುತ್ತ ನಿಂತಳು, ಅಕ್ಕನ ಮಗಳು ಬಂದು ತೋಳು ಮುಟ್ಟುವವರೆಗೆ.

ಮರುದಿನ ಕಚೇರಿಯಲ್ಲಿ ವಲಯದ ಅಧಿಕಾರಿ ಅವಳನ್ನು, ಭಾವನನ್ನು, ಪೀಪಾಯಿಯನ್ನು, ನಿಧಾನಣ್ಣನನ್ನು ಸಾಲಾಗಿ ಕೂರಿಸಿದ. ಫ್ಯಾನು ತಿರುಗುತ್ತಿದ್ದರೂ ಪೀಪಾಯಿ ಬೆವರುತ್ತಿದ್ದ.

"ಲಂಗರು ಬಿಡೋಕೆ ಹೇಳಿದ್ದು ಯಾರು?"

"ಯಾರು ಹೇಳೋದು ಸಾರ್, ನನ್ನ ಬೋಟು, ನಾನೇ ಬಿಟ್ಟೆ," ಎಂದ ಭಾವ.

ಅವಳು ತಿರುಗಿ ನೋಡಿದಳು. ಅವನು ಗೋಡೆ ನೋಡುತ್ತಿದ್ದ. ಸುಮ್ಮನಿದ್ದರೆ ಸಾಕಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ಸಾರ್. ಬಿಟ್ಟಿದ್ದು ಅವರು, ಹೇಳಿದ್ದು ನಾನು. ಅವರು ಬೇಡ ಅಂದ್ರು, ನಾನೇ ಬಿಡಿಸಿದೆ." ಅವಳು ಅಧಿಕಾರಿಯ ಕಡೆಗೇ ತಿರುಗಿದಳು. "ಆದ್ರೆ ಇನ್ನೊಂದು ಬೋಟನ್ನ ಕಟ್ಟೋಕೆ ಬಿಟ್ಟಿದ್ದು ಅವರೇ. ಅದನ್ನೂ ಬರ್ಕೊಳ್ಳಿ."

ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಗೆ ಹೋದ. ನಿಧಾನಣ್ಣ ತಲೆ ಮೇಲೆ ಕೈ ಹೊತ್ತುಕೊಂಡ.

ಪೀಪಾಯಿಯ ಬೋಟಿಗೆ ಆ ಋತುವಿಡೀ ವಲಯದ ಬಾಗಿಲು ಮುಚ್ಚಿತು. ಭಾವನದಕ್ಕೆ ಒಂದು ತಿಂಗಳು. ಅವಳನ್ನು ನೀರಿನಿಂದ ಎತ್ತಿ ಕಾವಲು ಕಟ್ಟೆಯ ಕಿಟಕಿಯ ಹಿಂದೆ ಕೂರಿಸಿದರು, ಮುಂದಿನ ಆದೇಶದವರೆಗೆ. ಜನರ ಜೀವ ಉಳಿಯಿತು ಎಂದು ಅಧಿಕಾರಿ ಬಾಯಿಮಾತಿಗೆ ಹೇಳಿದ, ಕಾಗದದಲ್ಲಿ ಹೇಳಲಿಲ್ಲ.

ಅಕ್ಕ ಎರಡು ದಿನ ಮಹಡಿಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಸಂಜೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಭಾವ. ಅದುವರೆಗೆ ಅವನು ಆ ಕೋಣೆಗೆ ಬಂದದ್ದೇ ಇರಲಿಲ್ಲ. ಬಾಗಿಲಲ್ಲಿ ನಿಂತು, ಎಲ್ಲಿ ಕೂರಬೇಕೆಂದು ತಿಳಿಯದೆ, ಹೊಸ್ತಿಲ ಮೇಲೇ ಕೂತ.

"ಕೀಲಿ ಕಿತ್ಕೊಂಡೆಯಲ್ಲ, ಅದು ಸರಿ," ಎಂದ. "ಲಂಗರೂ ಸರಿ. ಇಲ್ಲದಿದ್ರೆ ಈ ಹೊತ್ತು ನಮ್ಮ ಮನೇಲಿ..." ಅವನು ಹೊಸ್ತಿಲನ್ನು ಒಮ್ಮೆ ಸವರಿದ. "ಆದ್ರೆ ಅಲ್ಲಿ ನಾನು ನಿನಗೋಸ್ಕರ ಸುಳ್ಳು ಹೇಳಿದ್ರೆ, ನೀನು ನನ್ನ ಮೇಲೇ ಚಾಡಿ ಹೇಳ್ತೀಯಲ್ಲ. ಇದು ಸರೀನಾ?"

"ಸರಿ ಭಾವ," ಎಂದಳು ಅವಳು. "ಹಗ್ಗ ಹರಿದದ್ದು ನಾನು ನೋಡಿದೆ. ನಾನು ಹೇಗೆ ಸುಮ್ಮನಿರಲಿ?"

ಅವನು ಅಂಗೈಗಳನ್ನು ನೋಡಿಕೊಂಡ. ಸರಪಳಿ ಓಡುವಾಗ ಸುಲಿದ ಚರ್ಮ ಇನ್ನೂ ಮಾಯ್ದಿರಲಿಲ್ಲ.

"ಆ ಮನುಷ್ಯ ಕೈ ಎತ್ತಿದ್ನಲ್ಲ, ಪ್ರೊಪೆಲ್ಲರ್ ಪಕ್ಕ. ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ," ಎಂದ. "ನಾನೂ ಎಷ್ಟು ಸಲ ಎಂಜಿನ್ ಆಡಿಸಿಕೊಂಡೇ ಜನರನ್ನ ಇಳಿಸಿದೀನಿ."

ಕೆಳಗೆ ಅಕ್ಕ ಮಗಳನ್ನು ಯಾವುದಕ್ಕೋ ಗದರಿಸುತ್ತಿದ್ದಳು, ಮಗಳು ತಿರುಗಿ ಮಾತಾಡುತ್ತಿದ್ದಳು. ಮೇಲೆ ಇವರಿಬ್ಬರೂ ಆ ಜಗಳವನ್ನು ಸ್ವಲ್ಪ ಹೊತ್ತು ಕೇಳುತ್ತ ಕೂತರು.

ಭಾವ ಮೊಣಕಾಲು ಹಿಡಿದು ಎದ್ದ. "ಬಾ, ಊಟ ಮಾಡು. ನಾನೇನೂ ಹಿತ್ತಲಿಗೆ ಹೋಗಲ್ಲ, ಸೊಳ್ಳೆ ಜಾಸ್ತಿ ಆಗಿದೆ."