ಗೋಧಿಯ ಸತ್ವ

ಬಾಗಲಕೋಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸುಲಭಾಗೆ ಆ ಗಾಜಿನ ತಟ್ಟೆಯನ್ನು ಯಾರಿಗಾದರೂ ತೋರಿಸದೆ ಇರಲಾಗಲಿಲ್ಲ. ಜವೆ ಗೋಧಿಯ ಹಿಟ್ಟಿನಿಂದ ತಿಂಗಳುಗಟ್ಟಲೆ ಹೆಣಗಿ ಬೇರ್ಪಡಿಸಿದ್ದ ಪುಟ್ಟ ಪ್ರೋಟೀನಿನ ಒಂದು ಹನಿಯನ್ನು ಅವಳು ರೋಗಾಣು ಬಿತ್ತಿದ್ದ ತಟ್ಟೆಯ ನಡುವೆ ಹಾಕಿಟ್ಟಿದ್ದಳು. ಬೆಳಗಾಗುವಷ್ಟರಲ್ಲಿ ರೋಗಾಣುಗಳು ತಟ್ಟೆಯ ತುಂಬ ಹಳದಿಯಾಗಿ ಹಬ್ಬಿದ್ದವು. ಆ ಹನಿಯ ಸುತ್ತ ಮಾತ್ರ ಒಂದೂ ಬೆಳೆದಿರಲಿಲ್ಲ.

ಅದು ೧೯೮೪ನೇ ಇಸವಿ. ಸ್ಟಾಫ್ ರೂಮಿನಲ್ಲಿ ಆಗ ಇದ್ದವರು ಭೌತಶಾಸ್ತ್ರದ ಅಂದಾನಪ್ಪ ಒಬ್ಬರೇ. ಶಿರೂರಿನಿಂದ ದಿನಾ ಬಸ್ಸಿಗೆ ಬರುವವರು. ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ರೋಗಾಣು ಹ್ಯಾಂಗ ಕೊಲ್ಲತೈತ್ರಿ, ಬಾಯಾರ?"

"ರೋಗಾಣುವಿನ ಮೈಸುತ್ತ ತೆಳ್ಳನ್ನ ಪೊರಿ ಇರ್ತದ, ಸರ್. ಅದರ ಮ್ಯಾಲೆ ಋಣ ವಿದ್ಯುತ್ತು, ಇದರ ಮ್ಯಾಲೆ ಧನ. ಹಿಂಗಾಗಿ ಇದು ಹೋಗಿ ಅಂಟಿಕೊಂಡು ಪೊರಿ ಹರೀತದ. ಒಳಗಿಂದೆಲ್ಲಾ ಸೋರಿ ಅದು ಸಾಯ್ತದ."

"ಗೋದಿಗೆ ಇದ್ಯಾಕ ಬೇಕಾತ್ರಿ?"

"ಬೀಜ ಹಸಿ ಮಣ್ಣಾಗ ಬಿದ್ದಿರ್ತದ. ಸುತ್ತಲೂ ಬೂಷ್ಟು, ರೋಗ. ಅದಕ್ಕ ಎದ್ದು ಓಡ್ಲಿಕ್ಕೆ ಬರೂದಿಲ್ಲಲ್ಲ."

ಅಂದಾನಪ್ಪ ನಕ್ಕರು. ಅಂದು ಸಂಜೆ ಹೆಂಡತಿಗೂ ತಾಯಿಗೂ ಗೋಧಿಯಲ್ಲಿ ಔಷಧ ಸಿಕ್ಕ ಸುದ್ದಿಯನ್ನು ಹಿಗ್ಗಿನಿಂದ ಹೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹೆಂಡತಿ ಬನಶಂಕರಿಯ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿಯಿತು. ಅವಳು ಶಿರೂರಿನಲ್ಲೇ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮುಳ್ಳು ತೆಗೆಸಿಕೊಂಡು ಕುಂಟುತ್ತಲೇ ಶಾಲೆಗೆ ಹೋಗಿಬರುತ್ತಿದ್ದಳು. ಕಾಲು ಬಾತಿತು, ಕೀವು ಎಲುಬಿಗೆ ಇಳಿಯಿತು. ಬಾಗಲಕೋಟೆಯ ಡಾಕ್ಟರ್ ಪಂಢರೀನಾಥ ಪೆನಿಸಿಲಿನ್ ಕೊಟ್ಟರು. ಅದು ನಾಟದಾಗ ಬೇರೆ ಬೇರೆ ಇಂಜೆಕ್ಷನ್ ಕೊಟ್ಟರು. ಯಾವುದೂ ನಾಟಲಿಲ್ಲ. ಜ್ವರ ಇಳಿಯದಿದ್ದಾಗ, ರೋಗಾಣು ರಕ್ತಕ್ಕೆ ಸೇರಿದೆ ಎಂದರು.

ಅಂದಾನಪ್ಪ ಡಾಕ್ಟರರಿಂದ ಗಾಯದ ಕೀವನ್ನು ಒಂದು ಗಾಜಿನ ನಳಿಕೆಯಲ್ಲಿ ಕೇಳಿ ತಂದು ಸುಲಭಾಳ ಮುಂದೆ ಇಟ್ಟರು.

"ನಿಮ್ಮ ಗೋದಿ ಇದನ್ನ ಕೊಲ್ತೈತೇನು ನೋಡ್ರಿ."

ಕೊಂದಿತು. ತಟ್ಟೆಯಲ್ಲಿ ಹನಿಯ ಸುತ್ತ ಮೊದಲಿನದಕ್ಕಿಂತ ದೊಡ್ಡ ಜಾಗವೇ ಖಾಲಿ ಉಳಿಯಿತು. ಆದರೆ ಸುಲಭಾಗೆ ಸಂತೋಷವಾಗಲಿಲ್ಲ. ಅವರು ಮುಂದೆ ಏನು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು.

"ಹಂಗಾರ ಇದನ್ನ ಸೂಜಿಲೆ ಕೊಡಸ್ರಿ, ಬಾಯಾರ."

ಅವಳು ಬಾಯಿಮಾತಿನಲ್ಲಿ ಬೇಡ ಎನ್ನಲಿಲ್ಲ. ತನ್ನ ಬೆರಳು ಚುಚ್ಚಿಕೊಂಡು, ಉಪ್ಪುನೀರಿದ್ದ ನಳಿಕೆಯಲ್ಲಿ ರಕ್ತ ಹಿಂಡಿದಳು. ನೀರು ಕೆಂಪಗೆ ಮಬ್ಬಾಯಿತು. ಅದಕ್ಕೆ ಗೋಧಿಯ ಸತ್ವ ಬಿಟ್ಟಳು. ಇಬ್ಬರೂ ನೋಡುತ್ತಿದ್ದಂತೆ ಮಬ್ಬು ಹೋಗಿ, ಆಚೆ ಬದಿ ಕಾಣುವಷ್ಟು ತಿಳಿಯಾದ ಕೆಂಪು ನೀರು ಉಳಿಯಿತು. ಸೂಕ್ಷ್ಮದರ್ಶಕದಲ್ಲಿ ಒಂದಾದರೂ ರಕ್ತಕಣ ಕಾಣಲಿಲ್ಲ.

"ರಕ್ತದ ಕಣಕ್ಕೂ ಪೊರಿ ಅದ, ಸರ್. ಅದನ್ನೂ ಇದು ಬಿಡೂದಿಲ್ಲ."

"ದಿನಾ ತಿಂತೇವಲ್ರಿ ಗೋದಿ?"

"ತಿಂದದ್ದು ಹೊಟ್ಟ್ಯಾಗ ಕರಗಿ ಜೀರ್ಣ ಆಗ್ತದ. ಸೂಜಿಲೆ ಕೊಟ್ಟರ ನೆಟ್ಟಗ ರಕ್ತಕ್ಕ ಹೋಗ್ತದ."

"ನೀರ ಕೂಡಿಸಿ ಕೊಡ್ರಿ. ಭಾಳ ಬ್ಯಾಡ, ಸ್ವಲ್ಪ."

ಅವಳು ಅದನ್ನೂ ಮಾಡಿದಳು. ರಕ್ತಕಣ ಉಳಿಯುವಷ್ಟು ತೆಳುವಾಗಿಸಿದಾಗ ರೋಗಾಣುಗಳೂ ಉಳಿದು ತಟ್ಟೆಯ ತುಂಬ ಬೆಳೆದವು. ಮರುದಿನ ಅಂದಾನಪ್ಪ ಬಂದು ಆ ತಟ್ಟೆಯನ್ನು ನೋಡಿ, ಸ್ಟೂಲಿನ ಮೇಲೆ ಕುಳಿತರು.

"ಅಕಿ ಹ್ಯಾಂಗೂ ಉಳ್ಯಾಂಗ ಕಾಣವಲ್ಲಳು. ಒಮ್ಮೆ ಕೊಟ್ಟು ನೋಡ್ರಲ್ಲ."

"ನನ್ನ ಕೈಲೆ ಆಗೂದಿಲ್ಲ, ಸರ್."

ಡಾಕ್ಟರ್ ಪಂಢರೀನಾಥರೂ ಒಪ್ಪಲಿಲ್ಲ. ಹುಬ್ಬಳ್ಳಿಗೆ ಒಯ್ಯಿರಿ, ಕಾಲು ಕತ್ತರಿಸಿದರೆ ಜೀವ ಉಳಿದೀತು ಎಂದರು.

ಅಂದಾನಪ್ಪ ಹೆಂಡತಿಯನ್ನು ಕರೆದುಕೊಂಡು ಹೊರಡುವ ಮುನ್ನ ಸುಲಭಾ ಶಿರೂರಿಗೆ ಹೋದಳು. ಬನಶಂಕರಿ ಪಡಸಾಲೆಯಲ್ಲಿ ಮಲಗಿದ್ದಳು. ಕಾಲಿಗೆ ಕಟ್ಟಿದ ಬಟ್ಟೆಯ ಅಂಚಿನಿಂದ ಕಣಕದಂಥದೇನೋ ಒಣಗಿ ಉದುರುತ್ತಿತ್ತು. ಅಂದಾನಪ್ಪನವರ ತಾಯಿ ಸಂಗವ್ವ ಪಕ್ಕದಲ್ಲೇ ಹಿಟ್ಟು ಕಲಸುತ್ತಿದ್ದಳು.

"ನಿಮ್ಮ ಗೋದೀನ ಐತ್ರಿ, ಬಾಯಾರ. ಜವಿ ಗೋದಿ ತರಿಸಿ, ನಾನಽ ಬೀಸಿ ಹಚ್ಚೇನಿ. ದಿನಾ ಎರಡ ಹೊತ್ತ ಹಚ್ಚತೇನಿ."

ಸುಲಭಾ ಬಟ್ಟೆಯ ಅಂಚು ಎತ್ತಿ ನೋಡಿದಳು. "ಹಿಟ್ಟಿನೊಳಗ ಆ ಔಷಧ ಜಿಡ್ಡಿಗೆ ಅಂಟಿಕೊಂಡಿರ್ತದ, ಅವ್ವಾ. ಹಿಂಗ ಹಚ್ಚಿದರ ಹೊರಗ ಬರೂದಿಲ್ಲ. ಗಾಯ ಮತ್ತಿಷ್ಟು ಕೆಡ್ತದ."

ಅವಳು ಕಾಯಿಸಿ ಆರಿಸಿದ ನೀರು ತರಿಸಿಕೊಂಡು, ಬಟ್ಟೆ ಬಿಚ್ಚಿ ಗಾಯ ತೊಳೆಯತೊಡಗಿದಳು. ಬನಶಂಕರಿ ಕಣ್ಣು ತೆರೆದಳು.

"ನಮ್ಮ ಅತ್ತೀಗೆ ಏನೂ ಅನಬ್ಯಾಡ್ರಿ. ಹಚ್ಚಿದಾಗ ತಂಪ ಅನಸ್ತೈತಿ."

ಸಂಗವ್ವ ಹಿಟ್ಟಿನ ಕೈಯನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು ನಿಂತಿದ್ದಳು.

"ಹಂಗಾರ ಏನ ಹಚ್ಚಲಿ, ಬಾಯಾರ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದಳು. ಸುಲಭಾ ಗಾಯಕ್ಕೆ ಹೊಸ ಬಟ್ಟೆ ಸುತ್ತಿದಳು. ಹುಬ್ಬಳ್ಳಿಯವರು ನೋಡುತ್ತಾರೆ ಎಂದು ಹೇಳಿದಳು.

ಹುಬ್ಬಳ್ಳಿಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದರು. ಜ್ವರ ಇಳಿಯಲಿಲ್ಲ. ಆ ವಾರದೊಳಗೇ ಬನಶಂಕರಿ ತೀರಿಕೊಂಡಳು. ಶಿರೂರಿನ ಹೊಲದಲ್ಲಿ ಮಣ್ಣು ಮಾಡಿದರು. ಶಾಲೆಯ ಮಕ್ಕಳೆಲ್ಲ ಬಂದಿದ್ದರು. ಸುಲಭಾ ಹೆಂಗಸರ ಹಿಂದೆ ನಿಂತು, ಸಂಗವ್ವನನ್ನು ಮಾತಾಡಿಸಲಾಗದೆ ಬಸ್ಸಿಗೆ ಬಂದಳು.

ಅಂದಾನಪ್ಪ ಕಾಲೇಜಿಗೆ ಮರಳಿದ ಮೇಲೆ ಬಹಳ ದಿನ ಇಬ್ಬರೂ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಲಿಲ್ಲ. ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರಾಗಿಯೇ ಕೇಳಿದರು.

"ಆ ಕೆಲಸ ಬಿಟ್ಟರೇನ್ರಿ?"

"ಇಲ್ಲ, ಸರ್. ರಕ್ತ ಬಿಟ್ಟು ರೋಗಾಣುವಿಗಷ್ಟ ಹತ್ತೂಹಾಂಗ ಅದನ್ನ ಬದಲಿ ಮಾಡ್ಲಿಕ್ಕೆ ಬರ್ತದೇನು ಅಂತ ನೋಡ್ಲಿಕ್ಕತ್ತೇನಿ."

"ಬರ್ತೈತೇನ್ರಿ?"

"ಗೊತ್ತಿಲ್ಲ. ನನ್ನ ಕಾಲಕ್ಕ ಆಗಲಿಕ್ಕಿಲ್ಲ."

ಅಂದಾನಪ್ಪ ತಲೆಯಾಡಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದರು.